ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ಮೇಜಿನ ಪೋಕರ್ ಮತ್ತು ಗೆರೆ ಎಳೆದ ನೋಟ್‌ಪುಸ್ತಕ

ಪ್ರಶ್ನೆ: ಮಾನ್ಯರೇ, ನಾನು ಕೊಡಗಿನ ಸಿದ್ದಾಪುರದ ಕಡೆಯ ಸಣ್ಣ ಕಾಫಿ ಬೆಳೆಗಾರರ ಮಗ. ಕುಶಾಲನಗರದ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. 2025ರ ಜೂನ್‌ನಿಂದ ಮೊಬೈಲಿನಲ್ಲಿ 1–2 ರೂಪಾಯಿಯ ಪೋಕರ್ ಮೇಜುಗಳಲ್ಲಿ ದಿನಕ್ಕೆ ಎರಡು ಗಂಟೆ ಆಡುತ್ತಿದ್ದೆ. ಜೂನ್‌ನಲ್ಲಿ 1,460 ರೂಪಾಯಿ ಗೆದ್ದೆ, ಜುಲೈಯಲ್ಲಿ 900 ಸೋತೆ. ಆಗಸ್ಟ್‌ನಲ್ಲಿ ಕೆಲವು ರಾತ್ರಿ 5–10 ರೂಪಾಯಿಯ ಮೇಜಿಗೂ ಹೋಗಿ, 20 ದಿನಗಳಲ್ಲಿ 2,700 ಸೋತೆ. ಅಷ್ಟರಲ್ಲಿ ಹಣದ ಮೇಜುಗಳೇ ಮುಚ್ಚಿದವು. ಬಲ್ಲವರೆಲ್ಲ ‘ಶಿಸ್ತು ಬೇಕು’ ಎನ್ನುತ್ತಾರೆ, ಅದೇನೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ನನಗೆ ಆಟ ಬರುತ್ತದೆಯೇ? ಹಣವಿಲ್ಲದೆ ಇದನ್ನು ಕಲಿಯಲು ಸಾಧ್ಯವೇ?
– ಹೆಸರು ಬೇಡ, ಸಿದ್ದಾಪುರ

ಉತ್ತರ: ಮೇಜುಗಳು ಏಕೆ ಮುಚ್ಚಿದವು ಎಂಬುದನ್ನು ಮೊದಲು ತಿಳಿದುಕೊಳ್ಳಿ, ಏಕೆಂದರೆ ಮುಂದಿನ ಮಾತೆಲ್ಲ ಅದನ್ನು ಆಧರಿಸಿದೆ. ನಮ್ಮ ರಾಜ್ಯ 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಆಗ ವಾದವೆಲ್ಲ ನಡೆದದ್ದು ಇದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದರ ಸುತ್ತ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಭೇದವನ್ನೇ ಬದಿಗಿರಿಸಿದೆ. ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟವನ್ನು ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅದು ಅವಕಾಶ ಕೊಡುತ್ತದೆ. ಪಣವಿಲ್ಲದೆ ಮನರಂಜನೆಗಾಗಿ ಆಡುವ ಆಟಗಳಿಗೆ ಅದೇ ಕಾಯ್ದೆ ಪ್ರತ್ಯೇಕ ಸ್ಥಾನವನ್ನೂ ಕೊಟ್ಟಿದೆ. ಆದ್ದರಿಂದ ಈಗ ನೀವು ಕಲಿಯುವುದಾದರೆ ಹಣವಿಲ್ಲದೆಯೇ ಕಲಿಯಬೇಕು. ಅದರಿಂದ ನಿಮಗೆ ನಷ್ಟವೇನೂ ಇಲ್ಲವೆಂದು ನಾನು ಏಕೆ ನಂಬಿದ್ದೇನೆ ಎಂಬುದನ್ನು ನಿಮ್ಮದೇ ಅಂಕಿಗಳಿಂದ ತೋರಿಸುತ್ತೇನೆ.

ಇತರ ಓದುಗರಿಗಾಗಿ ಎರಡು ಮಾತು. ಈ ಬಗೆಯ ಪೋಕರ್‌ನಲ್ಲಿ ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ ಸಿಗುತ್ತವೆ, ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ಮೇಲೆ ಮೊದಲು ಮೂರು, ಆಮೇಲೆ ಒಂದೊಂದಾಗಿ ಬೀಳುತ್ತವೆ. ಪ್ರತಿ ಹಂತದಲ್ಲೂ ಎದುರಿನವನು ಇಟ್ಟಷ್ಟು ಹಣ ಕೊಟ್ಟು ಮುಂದುವರಿಯಬೇಕು, ಇಲ್ಲವೇ ಎಲೆ ಕೆಳಗಿಟ್ಟು ಬಿಟ್ಟುಕೊಡಬೇಕು. ಕೊನೆಗೆ ಈ ಏಳರಲ್ಲಿ ಒಳ್ಳೆಯ ಐದು ಎಲೆ ಕೂಡಿದವನು ಗೆಲ್ಲುತ್ತಾನೆ. 1–2 ರೂಪಾಯಿಯ ಮೇಜು ಎಂದರೆ, ಪ್ರತಿ ಸಲ ಎಲೆ ಹಂಚುವ ಮೊದಲು ಒಬ್ಬ ಆಟಗಾರ 1 ರೂಪಾಯಿಯನ್ನೂ ಅವನ ಪಕ್ಕದವನು 2 ರೂಪಾಯಿಯನ್ನೂ ಕಡ್ಡಾಯವಾಗಿ ಇಡುವ ಮೇಜು. ಈ ಹಣಕ್ಕೆ ಬ್ಲೈಂಡ್ ಎಂದು ಹೆಸರು. ಸಾಮಾನ್ಯವಾಗಿ 100 ದೊಡ್ಡ ಬ್ಲೈಂಡ್‌ಗಳಷ್ಟು, ಅಂದರೆ 200 ರೂಪಾಯಿ ಹಿಡಿದು ಅಲ್ಲಿ ಕೂರುತ್ತಾರೆ. ಇದಕ್ಕೆ ಬೈ-ಇನ್ ಎನ್ನುತ್ತಾರೆ. ಒಂದು ಸಲ ಎಲೆ ಹಂಚಿ ಆಡಿ ಮುಗಿಸುವುದನ್ನು ಇಲ್ಲಿ ‘ಕೈ’ ಎಂದು ಕರೆಯುತ್ತೇನೆ.

ಆರು ಜನರ ಆನ್‌ಲೈನ್ ಮೇಜಿನಲ್ಲಿ ಗಂಟೆಗೆ ಸುಮಾರು 70 ಕೈಗಳು ನಡೆಯುತ್ತವೆ. ದಿನಕ್ಕೆ ಎರಡು ಗಂಟೆ ಆಡಿದ ನೀವು ತಿಂಗಳಿಗೆ ಹತ್ತಿರ ಹತ್ತಿರ 4,000 ಕೈಗಳನ್ನು ಆಡಿದ್ದೀರಿ. ಈ ಆಟದಲ್ಲಿ ಬರಿಯ ಎಲೆಗಳ ಅದೃಷ್ಟದಿಂದ ಆಗುವ ಏರಿಳಿತ 100 ಕೈಗಳಿಗೆ ಸುಮಾರು 90 ದೊಡ್ಡ ಬ್ಲೈಂಡ್‌ಗಳಷ್ಟಿರುತ್ತದೆ. ಕೈಗಳು 40 ಪಟ್ಟಾದರೆ ಏರಿಳಿತ 40 ಪಟ್ಟಾಗುವುದಿಲ್ಲ, 40ರ ವರ್ಗಮೂಲದಷ್ಟು, ಅಂದರೆ ಆರು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಹಾಗಾಗಿ 4,000 ಕೈಗಳಿಗೆ ಅದು ಸುಮಾರು 570 ಬ್ಲೈಂಡ್, ನಿಮ್ಮ ಮೇಜಿನ ಲೆಕ್ಕದಲ್ಲಿ 1,140 ರೂಪಾಯಿ. ಮೂರು ತಿಂಗಳಲ್ಲಿ ಎರಡು ತಿಂಗಳು ಫಲಿತಾಂಶವು ನಿಮ್ಮ ನಿಜವಾದ ಯೋಗ್ಯತೆಯಿಂದ ಇಷ್ಟು ಮೇಲಕ್ಕೋ ಕೆಳಕ್ಕೋ ಇರುವ ಮಿತಿಯೊಳಗೆ ಬೀಳುತ್ತದೆ, ಮೂರನೆಯ ತಿಂಗಳು ಆ ಮಿತಿಯನ್ನೂ ದಾಟುತ್ತದೆ. ಇನ್ನು ಕೌಶಲದ ಪಾಲನ್ನು ನೋಡಿ. 100 ಕೈಗಳಿಗೆ 3 ದೊಡ್ಡ ಬ್ಲೈಂಡ್ ಗೆಲ್ಲುವವನು ಸಣ್ಣ ಮೇಜಿನಲ್ಲಿ ಒಳ್ಳೆಯ ಆಟಗಾರನೇ. ಅವನಿಗೆ 4,000 ಕೈಗಳಲ್ಲಿ ಕೌಶಲದಿಂದ ಬರುವುದು 120 ಬ್ಲೈಂಡ್, 240 ರೂಪಾಯಿ. ಒಂದು ಕಡೆ 240, ಇನ್ನೊಂದು ಕಡೆ 1,140. ಈ ಎರಡೂ ಸರಿಸಮನಾಗಲು ಸುಮಾರು 90,000 ಕೈಗಳು ಬೇಕು, ನಿಮ್ಮ ವೇಗದಲ್ಲಿ ಅದು ಹತ್ತಿರ ಹತ್ತಿರ ಎರಡು ವರ್ಷ.

ಆದ್ದರಿಂದ ಜೂನ್‌ನ ಗೆಲುವು ನಿಮಗೆ ಆಟ ಬರುತ್ತದೆ ಎಂದು ಹೇಳುವುದಿಲ್ಲ, ಜುಲೈಯ ಸೋಲು ಬರುವುದಿಲ್ಲ ಎಂದೂ ಹೇಳುವುದಿಲ್ಲ. ನಮ್ಮಲ್ಲಿ ಫೆಬ್ರುವರಿ–ಮಾರ್ಚ್‌ನ ಹೂಮಳೆ ಒಂದು ವರ್ಷ ಹದವಾಗಿ ಬಿದ್ದು ಫಸಲು ಹೆಚ್ಚಾದರೆ ಅದನ್ನು ಬೆಳೆಗಾರನ ಜಾಣ್ಮೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಗಿಡ ಸವರಿದ್ದು, ನೆರಳು ತೆಗೆದದ್ದು, ಗೊಬ್ಬರ ಹಾಕಿದ್ದು ಸಕಾಲಕ್ಕೆ ಆಗಿತ್ತೇ ಎಂದು ನೋಡುತ್ತಾರೆ. ಆಟಗಾರನನ್ನೂ ಹಾಗೆಯೇ ಅವನ ಒಂದೊಂದು ತೀರ್ಮಾನದಿಂದ ಅಳೆಯಬೇಕು. ಹಣದ ಫಲಿತಾಂಶ ಇಷ್ಟು ನಿಧಾನವಾಗಿ, ಇಷ್ಟು ಅಸ್ಪಷ್ಟವಾಗಿ ಕಲಿಸುವಾಗ, ಹಣವಿಲ್ಲದೆ ಕಲಿಯುವವನು ಕಳೆದುಕೊಳ್ಳುವುದು ಬಹಳ ಕಡಿಮೆ.

ಆಗಸ್ಟ್‌ನ ವಿಷಯ ಬೇರೆ. 5–10ರ ಮೇಜು ನಿಮ್ಮ ಮೇಜಿಗಿಂತ ಐದು ಪಟ್ಟು ದೊಡ್ಡದು, ಅಲ್ಲಿಯ ಒಂದು ಬೈ-ಇನ್ ಎಂದರೆ 1,000 ರೂಪಾಯಿ. ಅಲ್ಲಿಗೆ ಯಾವ ರಾತ್ರಿ ಹೋದಿರಿ ಎಂದು ನೀವು ಬರೆದಿಲ್ಲ, ಆದರೆ ಸಣ್ಣ ಮೇಜಿನಲ್ಲಿ ಸೋತ ರಾತ್ರಿಯೇ ಹೋಗಿರುತ್ತೀರಿ ಎಂದು ನನಗೆ ಅನ್ನಿಸುತ್ತದೆ. ಹೀಗೆ ಹೇಳಲು ನನ್ನದೇ ಅನುಭವ ಕಾರಣ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ಕೆಲವು ತಿಂಗಳು ಇದೇ 1–2ರ ಮೇಜುಗಳಲ್ಲಿ ಆಡಿದೆ, ಹಳೆಯ ಅಭ್ಯಾಸದಂತೆ ಗೆರೆ ಎಳೆದ ನೋಟ್‌ಪುಸ್ತಕದಲ್ಲಿ ಪ್ರತಿ ದಿನದ್ದನ್ನೂ ಬರೆದಿಟ್ಟೆ. ಕಕ್ಕಡದ, ಅಂದರೆ ಜುಲೈ–ಆಗಸ್ಟ್‌ನ ಜಡಿಮಳೆಯ ತಿಂಗಳಿನ, ಒಂದು ರಾತ್ರಿ ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು, ಕರೆಂಟು ಹೋಗಿ ಎರಡು ಗಂಟೆಯಾಗಿತ್ತು. ನನ್ನ ಕೈಗೆ ಎಕ್ಕದ ಜೋಡಿ ಬಂತು. ಅದು ಸರಾಸರಿ 221 ಕೈಗಳಿಗೆ ಒಮ್ಮೆ ಬರುವ ಎಲೆ. ಎದುರಿನವನ ಬಳಿ ಏಳರ ಜೋಡಿಯಿತ್ತು. ಮೇಜಿನ ಮೇಲೆ ಒಂದೂ ಎಲೆ ಬೀಳುವ ಮೊದಲೇ ಇಬ್ಬರ 200 ರೂಪಾಯಿಯೂ ನಡುವೆ ಸೇರಿತು. ಇಂಥ ಐದು ಸಂದರ್ಭಗಳಲ್ಲಿ ನಾಲ್ಕರಲ್ಲಿ ಎಕ್ಕದ ಜೋಡಿಯೇ ಗೆಲ್ಲುತ್ತದೆ. ಆ ಸಲ ಕೊನೆಯ ಎಲೆಯಾಗಿ ಮೂರನೆಯ ಏಳು ಬಿತ್ತು. ನಾನು ಫೋನನ್ನು ಮಗುಚಿ ಇಡಲಿಲ್ಲ. ‘ಈಗಲೇ ವಾಪಸು ತೆಗೆಯುತ್ತೇನೆ’ ಎಂಬ ಹಟದಲ್ಲಿ 5–10ರ ಮೇಜನ್ನು ತೆರೆದು 1,000 ರೂಪಾಯಿ ಹಿಡಿದು ಕೂತೆ, ಸಾಮಾನ್ಯ ದಿನವಾದರೆ ನೋಡದೆ ಕೆಳಗಿಡುತ್ತಿದ್ದ ಎಲೆಗಳನ್ನೂ ಆಡಿದೆ, ಇಪ್ಪತ್ತು ನಿಮಿಷದಲ್ಲಿ ಅಷ್ಟೂ ಹೋಯಿತು. ಮರುದಿನ ಪುಸ್ತಕದಲ್ಲಿ ಆ 200ರ ಎದುರು ‘ಸರಿಯಾದ ಆಟ’ ಎಂದು ಬರೆದೆ, 1,000ದ ಎದುರು ‘ತಪ್ಪು’ ಎಂದು ಬರೆದೆ. ಎರಡೂ ಸೋಲೇ, ಆದರೂ ಅವುಗಳನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯಲು ಬಂದ ದಿನದಿಂದ ನನಗೆ ಈ ಆಟ ಅರ್ಥವಾಗತೊಡಗಿತು. ಪೋಕರ್ ಆಡುವವರು ಈ ತಲೆ ಕೆಟ್ಟ ಸ್ಥಿತಿಗೆ ಟಿಲ್ಟ್ ಎನ್ನುತ್ತಾರೆ.

ನೀವು ಕೇಳಿದ ಶಿಸ್ತು ಇದೇ: ತಲೆ ತಣ್ಣಗಿರುವಾಗ ಮಾಡಿ ಬರೆದಿಟ್ಟ ತೀರ್ಮಾನಕ್ಕೆ ತಲೆ ಬಿಸಿಯಾದಾಗಲೂ ಬದ್ಧನಾಗಿರುವುದು. ಯಾವ ಮೇಜು, ಎಷ್ಟು ಹೊತ್ತು, ಎಷ್ಟು ಬೈ-ಇನ್ ಹೋದರೆ ಎದ್ದುಬಿಡಬೇಕು ಎಂಬ ಮೂರನ್ನೂ ಕೂರುವ ಮೊದಲೇ ಬರೆಯಬೇಕು. ನಾನು ದಿನಕ್ಕೆ ಎರಡು ಬೈ-ಇನ್, 90 ನಿಮಿಷ ಎಂದು ಬರೆದುಕೊಂಡಿದ್ದೆ. ಒಟ್ಟು ಆಟಕ್ಕೆಂದು ತೆಗೆದಿಡುವ ಮೊತ್ತವೂ ಕನಿಷ್ಠ 30 ಬೈ-ಇನ್‌ನಷ್ಟು ಇರಬೇಕೆಂಬ ನಿಯಮವನ್ನು ಅನೇಕ ಆಟಗಾರರು ಪಾಲಿಸುತ್ತಾರೆ. ಮೇಲೆ ಹೇಳಿದ ಏರಿಳಿತವನ್ನು ನೋಡಿದರೆ ಅದು ಅತಿಯಲ್ಲ ಎಂದು ತಿಳಿಯುತ್ತದೆ.

ಆಟದೊಳಗಿನ ಶಿಸ್ತಿನಲ್ಲಿ ಎಲೆ ಕೆಳಗಿಡುವುದೇ ದೊಡ್ಡ ಪಾಲು. ಎರಡೆರಡು ಎಲೆಗಳ ಆರಂಭದ ಜೋಡಣೆಗಳು 169 ಬಗೆಯವು. ಆರು ಜನರ ಮೇಜಿನಲ್ಲಿ ಎಚ್ಚರದ ಆಟಗಾರ 100 ಕೈಗಳಲ್ಲಿ 20ರಿಂದ 25ನ್ನು ಮಾತ್ರ ಆಡುತ್ತಾನೆ. ಮೊದಲು ಮಾತಾಡಬೇಕಾದ ಸ್ಥಾನದಲ್ಲಿದ್ದರೆ ಇನ್ನೂ ಕಡಿಮೆ, ಎಲ್ಲರ ನಡೆ ನೋಡಿ ಕೊನೆಗೆ ಮಾತಾಡುವ ಬಟನ್ ಸ್ಥಾನದಲ್ಲಿದ್ದರೆ ಹೆಚ್ಚು. ಸ್ಥಾನದ ಬೆಲೆ ಹೊಸಬರಿಗೆ ಬೇಗ ಕಾಣುವುದಿಲ್ಲ, ತಮ್ಮ ಎಲೆಯೊಂದೇ ಕಾಣುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಿಮ್ಮ ಕೈಯಲ್ಲಿ ಎರಡು ಆಟೀನ್ (ಹಾರ್ಟ್ಸ್) ಎಲೆಗಳಿವೆ, ಮೇಜಿನ ಮೇಲೆ ಬಿದ್ದ ಮೂರರಲ್ಲಿ ಎರಡು ಆಟೀನ್. ಇನ್ನೊಂದು ಬಂದರೆ ಐದೂ ಆಟೀನ್ ಆಗಿ ‘ಬಣ್ಣ’ (ಫ್ಲಶ್) ಕೂಡುತ್ತದೆ, ಅದು ಸಾಮಾನ್ಯವಾಗಿ ಗೆಲ್ಲುವ ಜೋಡಣೆ. ನೀವು ಕಂಡಿರುವುದು ಐದು ಎಲೆ, ಕಾಣದಿರುವುದು 47, ಅದರಲ್ಲಿ ಆಟೀನ್ 9. ಮುಂದಿನ ಎಲೆಯಲ್ಲೇ ಅದು ಬರುವ ಸಂಭವ ನೂರಕ್ಕೆ 19. ನಡುವೆ 30 ರೂಪಾಯಿ ಇದೆ, ಎದುರಿನವನು 10 ಇಡುತ್ತಾನೆ. ನೀವು 10 ಕೊಟ್ಟರೆ ಒಟ್ಟು 50 ಆಗುತ್ತದೆ, ಅದರಲ್ಲಿ ನಿಮ್ಮ ಪಾಲು ನೂರಕ್ಕೆ 20. ಎರಡೂ ಸರಿಸುಮಾರು ಸಮ, ಬಣ್ಣ ಕೂಡಿದ ಮೇಲೆ ಇನ್ನೂ ಸ್ವಲ್ಪ ದೊರೆಯಬಹುದು, ಕೊಡಬಹುದು. ಅದೇ ಜಾಗದಲ್ಲಿ ಅವನು 30 ಇಟ್ಟರೆ, ನೀವು ಕೊಡುವ 30 ಒಟ್ಟು 90ರಲ್ಲಿ ಮೂರನೆಯ ಒಂದು ಪಾಲು. 19ರ ಸಂಭವಕ್ಕೆ 33ರ ಬೆಲೆ. ಕೊನೆಗೆ ಅವನಿಂದ ದೊಡ್ಡ ಮೊತ್ತ ಬರುವ ಭರವಸೆ ಇಲ್ಲದಿದ್ದರೆ ಎಲೆ ಕೆಳಗಿಡಬೇಕು. ಮುಂದಿನ ಎಲೆ ಆಟೀನೇ ಬಿದ್ದರೂ ನಿಮ್ಮ ತೀರ್ಮಾನ ಸರಿಯೇ. ಗೊಬ್ಬರದ ಅಂಗಡಿಯ ಲೆಕ್ಕ ಬರೆಯುವ ನಿಮಗೆ ಈ ಗಣಿತ ಕಷ್ಟವಲ್ಲ. ಬಿದ್ದ ಆಟೀನನ್ನು ನೋಡಿ ‘ಛೇ’ ಎನ್ನದಿರುವುದು ಕಷ್ಟ.

ಕೊನೆಯದಾಗಿ, ಹಣದ ಮೇಜುಗಳನ್ನು ನೆನೆದು ನಿಮಗೆ ಬೇಸರವಾಗುತ್ತಿದ್ದರೆ ಈ ಲೆಕ್ಕವನ್ನೂ ಮಾಡಿ. ಪ್ರತಿ ಪಾಟ್‌ನಿಂದ, ಅಂದರೆ ನಡುವೆ ಸೇರಿದ ಹಣದಿಂದ, ಮೇಜಿನವರು ಕತ್ತರಿಸಿಕೊಳ್ಳುವ ಪಾಲಿಗೆ ರೇಕ್ ಎನ್ನುತ್ತಾರೆ. ಅದು ನೂರಕ್ಕೆ 5 ಎಂದುಕೊಳ್ಳಿ. 100 ಕೈಗಳಲ್ಲಿ ನೀವು ಸರಾಸರಿ 30 ರೂಪಾಯಿಯ 10 ಪಾಟ್ ಗೆದ್ದರೆ 15 ರೂಪಾಯಿ ರೇಕ್‌ಗೆ ಹೋಯಿತು, 7.5 ಬ್ಲೈಂಡ್. ಎದುರಿನವರಷ್ಟೇ ಚೆನ್ನಾಗಿ ಆಡುವವನು ಈ ಲೆಕ್ಕದಲ್ಲಿ 4,000 ಕೈಗಳಿಗೆ 600 ರೂಪಾಯಿ ಸೋಲುತ್ತಾನೆ. ಜುಲೈಯ ನಿಮ್ಮ 900ರಲ್ಲಿ ದೊಡ್ಡ ಭಾಗ ಇದೇ ಇರಬಹುದು. ಎದುರಾಳಿಗಳಿಗಿಂತ ಸ್ವಲ್ಪ ಮೇಲಿದ್ದರೆ ಸಾಲುತ್ತಿರಲಿಲ್ಲ, ಬಹಳ ಮೇಲಿರಬೇಕಿತ್ತು.

ಪ್ರಶ್ನೆ: ಇಲ್ಲಿನ ಮೇಜುಗಳು ಮುಚ್ಚಿದ ಮೇಲೆ ಸ್ನೇಹಿತನೊಬ್ಬ ಟೆಲಿಗ್ರಾಂನಲ್ಲಿ ಹೊರದೇಶದ ಆ್ಯಪ್‌ನ ಲಿಂಕ್ ಕಳುಹಿಸಿದ್ದಾನೆ. ಆಡುವವರಿಗೆ ಶಿಕ್ಷೆಯಿಲ್ಲವಂತೆ. ಸಣ್ಣ ಮೊತ್ತವಾದರೆ ಅಡ್ಡಿಯೇನು?
– ಒಬ್ಬ ಓದುಗ, ಗೋಣಿಕೊಪ್ಪಲು

ಉತ್ತರ: ಆಡುವವನನ್ನು ಶಿಕ್ಷಿಸುವ ಕಲಮು ಆ ಕಾಯ್ದೆಯಲ್ಲಿ ಇಲ್ಲದಿರುವುದು ನಿಜ. ಆದರೆ ಹೊರದೇಶದಿಂದ ಭಾರತದವರಿಗೆ ಒದಗಿಸುವ ಆಟಕ್ಕೂ ಕಾಯ್ದೆ ಅನ್ವಯಿಸುತ್ತದೆ; ಅದಕ್ಕೆ ಬ್ಯಾಂಕು ಅಥವಾ ಬೇರೆ ಮಧ್ಯವರ್ತಿ ಹಣ ವರ್ಗಾಯಿಸಿಕೊಡುವುದು ಅಪರಾಧ. ಹಾಗಾಗಿ ಅಂಥವರು ಯಾರದೋ ಖಾತೆಯ ಯುಪಿಐ ಸಂಖ್ಯೆ ಕೊಟ್ಟು ಹಣ ತರಿಸಿಕೊಳ್ಳುವ ಅಪಾಯವಿದೆ. ನಾಳೆ ಆ ಖಾತೆ ವಂಚನೆಯ ತನಿಖೆಯಲ್ಲಿ ಸಿಕ್ಕಿಬಿದ್ದರೆ ನಿಮ್ಮ ಖಾತೆಯಿಂದ ಹೋದ ಹಣದ ಜಾಡೂ ಅಲ್ಲಿರುತ್ತದೆ. ಗೆದ್ದ ಹಣ ಕೊಡದಿದ್ದರೆ ಯಾರನ್ನು ಕೇಳುತ್ತೀರಿ? ಎಲೆ ಹಂಚುವ ಯಂತ್ರ ಪ್ರಾಮಾಣಿಕವಾಗಿದೆಯೇ ಎಂದು ಯಾರು ಪರೀಕ್ಷಿಸಿದ್ದಾರೆ? ಆ ಲಿಂಕನ್ನು ಅಳಿಸಿಹಾಕಿ. ಈಗಾಗಲೇ ಹಣ ಕಳುಹಿಸಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯಲ್ಲಿ ಮೊದಲ ಕೆಲವು ಗಂಟೆಗಳಿಗೆ ಬಹಳ ಬೆಲೆಯಿದೆ.

ಪ್ರಶ್ನೆ: ನನ್ನ ತಮ್ಮ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನೆ, ತೋಟ ನೋಡಿಕೊಳ್ಳುತ್ತಾನೆ. ಕಾಫಿ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ಮಾರಿದ ಹಣದಲ್ಲಿ 40 ಸಾವಿರ ಆಟಕ್ಕೆ ಹೋಗಿದೆ ಎಂದು ಈಗ ತಿಳಿಯಿತು. ಕೇಳಿದರೆ ‘ಅಕ್ಕ, ಇದು ಕೌಶಲದ ಆಟ, ನಿನಗೆ ಗೊತ್ತಾಗುವುದಿಲ್ಲ’ ಎನ್ನುತ್ತಾನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.
– ಒಬ್ಬ ಸಹೋದರಿ, ಸೋಮವಾರಪೇಟೆ

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೌಶಲದ ಆಟ ಎಂಬ ಮಾತಿನ ಮೇಲೆ ಅವನೊಂದಿಗೆ ವಾದ ಮಾಡಬೇಡಿ. ಅದರಲ್ಲಿ ಕೌಶಲ ಇರುವುದು ನಿಜ, ವಾದದಲ್ಲಿ ಅವನೇ ಗೆಲ್ಲುತ್ತಾನೆ. ಅವನ ಬಳಿ ಕೌಶಲವಿದೆಯೇ ಎಂಬುದು ಬೇರೆ ಮಾತು. ಅದಕ್ಕೆ ‘ನಿನ್ನ ಲೆಕ್ಕದ ಪುಸ್ತಕ ತೋರಿಸು’ ಎಂದು ಕೇಳಿ. ಕೌಶಲದಿಂದ ಆಡುವವನ ಬಳಿ ದಿನಾಂಕ, ಕೂತ ಹೊತ್ತು, ಒಯ್ದ ಹಣ, ತಂದ ಹಣ ಬರೆದಿಟ್ಟ ಪುಸ್ತಕ ಇದ್ದೇ ಇರುತ್ತದೆ. ಪುಸ್ತಕವಿಲ್ಲದೆ ಗೆದ್ದ ರಾತ್ರಿಗಳನ್ನು ಮಾತ್ರ ನೆನಪಿಟ್ಟುಕೊಂಡಿದ್ದರೆ ಅವನಿಗೇ ತನ್ನ ಸ್ಥಿತಿ ತಿಳಿದಿಲ್ಲ. ಬ್ಯಾಂಕ್ ಖಾತೆಯ ಆರು ತಿಂಗಳ ವಿವರವನ್ನು ತೆಗೆದು, ಅವನ ಜೊತೆಯಲ್ಲೇ ಕೂತು, ಬೈಯದೆ, ಒಂದೊಂದು ಸಾಲನ್ನೂ ಕೂಡಿಸಿ. 40 ಸಾವಿರ ಎಂಬ ನಿಮ್ಮ ಅಂಕಿ ಸರಿಯೋ ಅಲ್ಲವೋ ಅಲ್ಲಿ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಗೆ ಸೇರಿದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸಂಬಳದವರ ಮನೆಗೆ ಹಣ ತಿಂಗಳು ತಿಂಗಳು ಬರುತ್ತದೆ, ಕಾಫಿ ಮತ್ತು ಕರಿಮೆಣಸಿನವರ ಮನೆಗೆ ಕೊಯ್ಲು ಮುಗಿದ ಮೇಲೆ ಒಮ್ಮೆಲೇ ಬರುತ್ತದೆ. ಮುಂದಿನ ಕೊಯ್ಲಿನವರೆಗಿನ ಗೊಬ್ಬರ, ಆಳುಗಳ ಕೂಲಿ, ಬೆಳೆ ಸಾಲದ ಬಡ್ಡಿ, ಮಕ್ಕಳ ಫೀಸು ಎಲ್ಲವೂ ಅದೇ ಮೊತ್ತದಲ್ಲಿ ಅಡಗಿರುತ್ತವೆ, ಆದರೆ ಫೋನಿನಲ್ಲಿ ಅದು ಒಂದೇ ದೊಡ್ಡ ಅಂಕಿಯಾಗಿ ಕಾಣುತ್ತದೆ. ನಾನು ಕೌಂಟರಿನಲ್ಲಿ ಕೂತಿದ್ದ ವರ್ಷಗಳಲ್ಲಿ ಮಾರ್ಚ್‌ನಲ್ಲಿ ತುಂಬಿದ್ದ ಖಾತೆ ಜೂನ್‌ನಲ್ಲಿ ಬರಿದಾದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ತೋಟದ ಹಣವನ್ನು ಯುಪಿಐ ಜೋಡಣೆಯಿಲ್ಲದ ಬೇರೆ ಖಾತೆಗೆ, ಸಾಧ್ಯವಾದರೆ ನಿಮ್ಮ ಮತ್ತು ತಂದೆಯವರ ಜಂಟಿ ಹೆಸರಿಗೆ, ಈ ವಾರವೇ ಹಾಕಿ. ತಂದೆಯವರಿಗೆ ಹೇಳಿ, ತಮ್ಮನ ಎದುರಿನಲ್ಲೇ ಹೇಳಿ. ಮುಚ್ಚಿಟ್ಟಷ್ಟೂ ಅವನಿಗೆ ‘ಗೆದ್ದು ತುಂಬಿಬಿಡುತ್ತೇನೆ’ ಎಂಬ ದಾರಿ ತೆರೆದೇ ಇರುತ್ತದೆ. ಸುಳ್ಳು, ಸಾಲ, ನಿದ್ದೆಗೆಡುವುದು ಇಂಥವು ಕಂಡರೆ ಇದು ಕಾಯಿಲೆಯಾಗಿರಬಹುದು ಎಂದು ತಿಳಿದು ಸಹಾಯ ಕೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆನ್‌ಲೈನ್ ಆಟಗಳ ಗೀಳಿಗೆಂದೇ ಶಟ್ ಕ್ಲಿನಿಕ್ ಎಂಬ ವಿಭಾಗವಿದೆ. ಅವನಿಗೆ ಈ ಅಂಕಣದ ಮೊದಲ ಉತ್ತರವನ್ನು ಕೊಡಬೇಡಿ, ಈಗ ಅವನಿಗೆ ಬೇಕಾದದ್ದು ಆಟದ ಪಾಠವಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಾವು ದಾಯಾದಿಗಳು ಆರು ಜನ ಮನೆಯಲ್ಲೇ ಪೋಕರ್ ಆಡುತ್ತೇವೆ, ಹಣವಿಲ್ಲ. ಆದರೆ ಹಣವಿಲ್ಲದ ಕಾರಣ ಎಲ್ಲರೂ ಎಲ್ಲ ಎಲೆಗೂ ಇಡುತ್ತಾ ಹೋಗುತ್ತಾರೆ, ಆಟ ಕೆಡುತ್ತದೆ. ಏನು ಮಾಡುವುದು?
– ಆರು ಜನ, ನಾಪೋಕ್ಲು

ಉತ್ತರ: ಕಳೆದುಕೊಂಡದ್ದು ಮರುಗಳಿಗೆಯಲ್ಲೇ ಮತ್ತೆ ಸಿಗುವುದರಿಂದ ಹೀಗಾಗುತ್ತದೆ. ಅದನ್ನು ನಿಲ್ಲಿಸಿ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಬೀಜ ಒಂದಕ್ಕೆ 1, ಒಣಗಿದ ಚೆರ್ರಿ ಒಂದಕ್ಕೆ 5 ಎಂದು ಇಟ್ಟುಕೊಳ್ಳಿ. 100 ಪಾರ್ಚ್‌ಮೆಂಟ್, 20 ಚೆರ್ರಿ ಸೇರಿ 200. ಇದು ಒಬ್ಬರ ಒಂದು ಬೈ-ಇನ್. ಕಕ್ಕಡ ಮುಗಿಯುವವರೆಗೆ ಒಬ್ಬರಿಗೆ ಐದು ಬೈ-ಇನ್ ಮಾತ್ರ. ಒಂದು ಸಂಜೆಗೆ ಎರಡಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಉಳಿದದ್ದನ್ನು ಹೆಸರು ಬರೆದ ಚೀಲದಲ್ಲಿ ಕಟ್ಟಿಟ್ಟು ಮುಂದಿನ ಸಲ ಅಲ್ಲಿಂದಲೇ ಮುಂದುವರಿಸಬೇಕು. ಎರಡೂ ಮುಗಿದವರು ಆ ಸಂಜೆ ಎಲೆ ಹಂಚಲಿ, ಇತರರ ಆಟ ನೋಡಲಿ. ಮೇಜಿನ ಹೊರಗೆ ಕೂತು ನೋಡುವಾಗ ಕಲಿಯುವಷ್ಟು ಎಲೆ ಕೈಯಲ್ಲಿದ್ದಾಗ ಕಲಿಯಲಾಗುವುದಿಲ್ಲ. ಬೀಜಕ್ಕೆ ಕೊನೆಯಲ್ಲಿ ರೂಪಾಯಿಯ ಬೆಲೆ ಕಟ್ಟುವ ಮಾತು ಯಾರಾದರೂ ಎತ್ತಿದರೆ ಒಪ್ಪಬೇಡಿ.

ಕೈಯಿಂದ ಎಲೆ ಹಂಚಿ ಆಡಿದರೆ ಗಂಟೆಗೆ 25ರಿಂದ 30 ಕೈಗಳಷ್ಟೇ ಆಗುತ್ತವೆ, ಯೋಚಿಸಲು ಸಮಯ ಸಿಗುತ್ತದೆ. ಪ್ರತಿ ಸಂಜೆ ದೊಡ್ಡದಾದ ಎರಡು ಕೈಗಳನ್ನು ಆರಿಸಿ, ಯಾರ ಬಳಿ ಯಾವ ಎಲೆ, ಎಷ್ಟು ಬೀಜ ನಡುವೆ ಇತ್ತು, ಕೊಟ್ಟದ್ದಕ್ಕೆ ಅಥವಾ ಬಿಟ್ಟದ್ದಕ್ಕೆ ಕಾರಣವೇನು ಎಂದು ಬರೆಯಿರಿ. ಗೆದ್ದವನ ಹೆಸರನ್ನು ಬರೆಯಬೇಡಿ. ಸಿದ್ದಾಪುರದ ಓದುಗರಿಗೂ ಇದೇ ಸಲಹೆ. ಆರು ಜನ ಸಿಗದಿದ್ದರೆ ಮೂವರು ಸಾಕು. ಇಪ್ಪತ್ತು ಕೈಗಳಷ್ಟು ಬರೆದಾದ ಮೇಲೆ ಆ ಹಾಳೆಗಳ ಪ್ರತಿಯನ್ನು ನನಗೆ ಕಳುಹಿಸಿ, ಎಲ್ಲಿ ಬಿಡಬೇಕಿತ್ತು, ಎಲ್ಲಿ ಕೊಡಬೇಕಿತ್ತು ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸುತ್ತೇನೆ.